ಗುಲ್ಕಂದದ ವಾಸನೆಯ ಬಿಳಿ ವೈನು: ತಿಕೋಟಾದ ತೋಟದ ಮನೆಯಲ್ಲಿ ಕುಡಿದು ನೋಡಿದ್ದು

ತಿಕೋಟಾ ಹತ್ತಿರ ನಮ್ಮದು ಆರು ಎಕರೆ ದ್ರಾಕ್ಷಿ. ನಾಲ್ಕು ಎಕರೆ ಥಾಮ್ಸನ್, ಎರಡು ಎಕರೆ ಮಾಣಿಕ್ ಚಮನ್. ಬಂದದ್ದೆಲ್ಲ ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ಹೋಗುತ್ತದೆ. ಇಪ್ಪತ್ತೆಂಟು ವರ್ಷದ ಈ ಬೇಸಾಯದಲ್ಲಿ ವ್ಯಾಪಾರಿಗಳು ನನ್ನನ್ನು ಕೇಳಿದ್ದು ಮಣಿ ಎಷ್ಟು ದಪ್ಪ, ಬಣ್ಣ ಹೇಗೆ, ಸಿಹಿ ಎಷ್ಟು, ಇಷ್ಟೇ. ವಾಸನೆ ಹೇಗಿದೆ ಅಂತ ಯಾರೂ ಕೇಳಲಿಲ್ಲ. ನಾನೂ ಒಂದು ಗೊನೆಯನ್ನು ಕೊಯ್ದು ಮೂಗಿಗೆ ಹಿಡಿದು ನೋಡಿದವನಲ್ಲ.

ಈ ಸಂಕ್ರಾಂತಿಗೆ ಅಕ್ಕನ ಮಗ ಊರಿಗೆ ಬಂದ. ಅವನು ಓದುತ್ತಿರುವುದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ. ಬರುವಾಗ ಸ್ವೆಟರಿನೊಳಗೆ ಸುತ್ತಿಟ್ಟು ಒಂದು ಬಾಟ್ಲಿ ತಂದಿದ್ದ. “ಮಾಮಾ, ನೀವು ಇಷ್ಟ್ ವರ್ಷ ದ್ರಾಕ್ಷಿ ಬೆಳದೀರಿ, ಅದಕ್ಕ ನಿಮಗಂತನ ತಂದೀನಿ. ಕುಡಿಯೂದು ಆಮ್ಯಾಲ, ಮೊದಲ ಮೂಸಿ ನೋಡ್ರಿ,” ಅಂದ. ಈ ವಿಮರ್ಶೆ ಆ ಬಾಟ್ಲಿಯದು. ತಯಾರಿಸಿದವರದು ಸಣ್ಣ ಮನೆತನ, ಅವರ ಮಾಲು ನಮ್ಮ ಕಡೆ ಅಂಗಡಿಗಳಲ್ಲಿ ಸಿಗುವುದಿಲ್ಲ. ಆದ್ದರಿಂದ ಹೆಸರು ಬರೆಯುವುದಿಲ್ಲ. ನೆನಪಿಟ್ಟುಕೊಳ್ಳಬೇಕಾದದ್ದು ದ್ರಾಕ್ಷಿಯ ತಳಿಯ ಹೆಸರು: ಗೆವುರ್ಟ್ಸ್‌ತ್ರಮೀನರ್. ನನ್ನ ನಾಲಿಗೆಗೆ ಅದು ಕೂಡಲು ಎರಡು ದಿನ ಬೇಕಾಯಿತು. ಆ ಕಡೆಯವರೂ ಚಿಕ್ಕದು ಮಾಡಿ ಗೆವುರ್ಟ್ಸ್ ಅನ್ನುತ್ತಾರಂತೆ, ನಾನೂ ಹಾಗೇ ಬರೆಯುತ್ತೇನೆ.

ಗೆವುರ್ಟ್ಸ್ ಅಂದರೆ ಜರ್ಮನ್ ಭಾಷೆಯಲ್ಲಿ ಮಸಾಲೆ. ತ್ರಮೀನ್ ಎಂಬುದು ಇಟಲಿಯ ಉತ್ತರ ತುದಿಯಲ್ಲಿ, ಆಲ್ಪ್ಸ್ ಬೆಟ್ಟದ ಸೆರಗಿನಲ್ಲಿರುವ ಒಂದು ಊರು. ಆ ಊರಿನ ಹೆಸರಿನ ಹಳೆಯ ತಳಿಯೊಂದು ಯಾವಾಗಲೋ ಬಣ್ಣ ಬದಲಿಸಿ ಗುಲಾಬಿ ಸಿಪ್ಪೆಯದಾಯಿತು, ಅದರಲ್ಲೇ ಪರಿಮಳ ಜಾಸ್ತಿಯಾದ ಒಂದು ಕವಲು ಇದು. ನಮ್ಮಲ್ಲಿ ಥಾಮ್ಸನ್ ತೋಟದೊಳಗೆ ಒಂದು ಬಳ್ಳಿಗೆ ಮಣಿ ಉದ್ದ ಬಂದದ್ದನ್ನು ಕಂಡು, ಅದರ ಕಡ್ಡಿ ಬೇರೆ ತೆಗೆದು ಬೆಳೆಸಿ ತಾಸ್-ಎ-ಗಣೇಶ, ಸೋನಾಕ, ಮಾಣಿಕ್ ಚಮನ್ ಮಾಡಿದರಲ್ಲ, ಅದೇ ಬಗೆ. ನಮ್ಮವರು ಆರಿಸಿದ್ದು ಉದ್ದ ಮಣಿಯನ್ನು, ಅವರು ಆರಿಸಿದ್ದು ವಾಸನೆಯನ್ನು.

ನಮ್ಮ ಮನೆಯೊಳಗೆ ಮದ್ಯ ಬರುವುದಿಲ್ಲ. ಅವ್ವ ಇರುವ ತನಕ ಆ ಮಾತು ಮೀರುವುದಿಲ್ಲ, ಮೀರುವ ಮನಸ್ಸೂ ನನಗಿಲ್ಲ. ಹಾಗಾಗಿ ಕೂತದ್ದು ತೋಟದ ಮನೆಯಲ್ಲಿ. ನಾನು, ಅಳಿಯ, ಪಕ್ಕದ ತೋಟದ ನನ್ನ ಗೆಳೆಯ, ಮೂವರೇ. ಜನವರಿಯ ರಾತ್ರಿ, ಮೈಮೇಲೆ ಶಾಲು ಬೇಕೆನ್ನುವಷ್ಟು ಥಂಡಿ. ಬಳ್ಳಿ ಹಬ್ಬಿದ ಮಂಡಪದ ತುಂಬ ಕಾಯಿಗೆ ನೀರು ಇಳಿಯುವ ಹೊತ್ತು. ಈ ವೈನನ್ನು ಹತ್ತು ಡಿಗ್ರಿಯ ಆಸುಪಾಸಿನಲ್ಲಿ ಕುಡಿಯಬೇಕು ಎಂದ ಅಳಿಯ. ತೋಟದಲ್ಲಿ ಆ ಹೊತ್ತಿಗೆ ಕರೆಂಟ್ ಇರಲಿಲ್ಲ. ಒದ್ದೆ ಗೋಣಿತಟ್ಟಿನಲ್ಲಿ ಬಾಟ್ಲಿ ಸುತ್ತಿ, ಕಟ್ಟೆಯ ಮೇಲೆ ಗಾಳಿಗೆ, ನೀರಿನ ಹರವಿಗೆ ಆನಿಸಿ ಒಂದೂವರೆ ತಾಸು ಇಟ್ಟೆವು. ಹದಕ್ಕೆ ಬಂತು. ಇದನ್ನು ಬರೆಯುವುದು ಏಕೆಂದರೆ ಮುಂದೆ ಬಿಸಿಲಿಗೆ ಇಟ್ಟು ಬೆಚ್ಚಗಾಗಿದ್ದ ಇನ್ನೊಂದು ಬಾಟ್ಲಿಯ ಅನುಭವವನ್ನೂ ಹೇಳುವುದಿದೆ.

ಬಾಟ್ಲಿ ಉದ್ದ, ಸಪೂರ, ಹೆಗಲೇ ಇಲ್ಲದಂಥದ್ದು. ಸ್ಟ್ರಾಸ್‌ಬರ್ಗ್ ಇರುವ ಅಲ್ಸಾಸ್ ಪ್ರಾಂತ್ಯದ ಬಿಳಿ ವೈನಿಗೆ ಇದೇ ಆಕಾರ ಇರಬೇಕೆಂದು ಅಲ್ಲಿ ನಿಯಮವೇ ಇದೆ. ಲೇಬಲ್ಲಿನಲ್ಲಿ ವರ್ಷ 2022, ಮದ್ಯಸಾರ ಶೇ 13.5. ಹಿಂಬದಿಯಲ್ಲಿ ಸಿಹಿ ಎಷ್ಟೆಂದು ತೋರಿಸುವ ಒಂದು ಗೆರೆ, ಅದರ ಮೇಲೆ ಬಾಣದ ಗುರುತು, ನಡುವಿಗಿಂತ ಸ್ವಲ್ಪ ಈಚೆಗೆ. ಈ ಗೆರೆ ನನಗೆ ಬಹಳ ಇಷ್ಟವಾಯಿತು. ಕೊಳ್ಳುವವನಿಗೆ ಒಳಗಿರುವುದು ಸಿಹಿಯೋ ಅಲ್ಲವೋ ಹೊರಗೇ ಹೇಳಿಬಿಡುವುದು ಒಳ್ಳೆಯ ವ್ಯವಹಾರ. ಗೆವುರ್ಟ್ಸ್ ವಿಷಯದಲ್ಲಿ ಇದು ಇನ್ನೂ ಅಗತ್ಯ, ಯಾಕೆಂದರೆ ಒಂದೇ ಹೆಸರಿನಲ್ಲಿ ಸಿಹಿಯೇ ಇಲ್ಲದ್ದೂ ಇರುತ್ತದೆ, ಜೇನಿನಂತೆ ದಪ್ಪಗಿರುವುದೂ ಇರುತ್ತದೆ.

ಗೆಳೆಯ ತನ್ನ ಪಾಲನ್ನು ಸ್ಟೀಲ್ ಲೋಟಕ್ಕೆ ಹಾಕಿಸಿಕೊಂಡ. ಅಳಿಯ ತಂದಿದ್ದ ಗಾಜಿನ ಗ್ಲಾಸ್ ಎರಡೇ, ಹೊಟ್ಟೆ ದೊಡ್ಡದು, ಬಾಯಿ ಸಣ್ಣದು. ಬಣ್ಣ ನೋಡಿದರೆ ಬಿಳಿ ವೈನು ಅನ್ನುವ ಮಾತು ಹೆಸರಿಗಷ್ಟೇ. ನಮ್ಮ ಒಳ್ಳೆ ದರ್ಜೆಯ ಮಣೂಕವನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ನೋಡಿದಾಗ ನೀರಿಗೆ ಬರುವ ಬಂಗಾರದ ಬಣ್ಣ, ಅಂಚಿನಲ್ಲಿ ತಾಮ್ರದ ಛಾಯೆ. ಆ ತಾಮ್ರ ಬಂದದ್ದು ಗುಲಾಬಿ ಸಿಪ್ಪೆಯಿಂದ.

ಮೂಗು ಗ್ಲಾಸಿನ ಬಾಯಿಗೆ ಇಟ್ಟೆ. ಅಳಿಯ ಮೊದಲೇ ಹೇಳಿದ್ದ, ಇದರಲ್ಲಿ ಲಿಚಿ ಹಣ್ಣಿನ ವಾಸನೆ ಇರುತ್ತದೆ, ಎಲ್ಲರೂ ಅದನ್ನೇ ಹೇಳುತ್ತಾರೆ ಅಂತ. ನಾನು ಲಿಚಿ ತಿಂದದ್ದು ಪುಣೆಯ ಮಾರ್ಕೆಟ್ಟಿನಲ್ಲಿ ಎರಡು ಸಲ. ನನಗೆ ಮೊದಲು ಬಂದದ್ದು ಗುಲ್ಕಂದ. ವಿಜಯಪುರದಲ್ಲಿ ಊಟವಾದ ಮೇಲೆ ಕಟ್ಟಿಸಿಕೊಂಡ ಪಾನ್ ಬಿಚ್ಚಿದಾಗ ಎಲೆಗಿಂತ ಮುಂಚೆ ಬರುವ ವಾಸನೆ ಅದೇ. ಹಿಂದೆಯೇ ಮದುವೆಯ ಬಾಗಿಲಲ್ಲಿ ಪನ್ನೀರುದಾನಿಯಿಂದ ಚಿಮುಕಿಸಿದ ಪನ್ನೀರು. ಇನ್ನೊಂದು ಸಲ ಗ್ಲಾಸನ್ನು ತಿರುಗಿಸಿ ಮೂಸಿದಾಗ ಒಣಶುಂಠಿ, ಸುಲಿದ ಮೂಸಂಬಿ ಸಿಪ್ಪೆ, ಮತ್ತೆ ಕೆಳಗೆಲ್ಲೋ ಲಿಚಿ. ಪುಣೆಯ ಆ ಹಣ್ಣು ಹತ್ತು ವರ್ಷದ ನಂತರ ನೆನಪಾಯಿತು. ದ್ರಾಕ್ಷಿಯ ವಾಸನೆ ಮಾತ್ರ ಇರಲಿಲ್ಲ. “ಇದರಾಗ ಅತ್ತರ್ ಹಾಕ್ಯಾರೇನೊ?” ಅಂತ ಗೆಳೆಯ ನನ್ನ ಗ್ಲಾಸ್ ಇಸಿದುಕೊಂಡು ಮೂಸಿ ಕೇಳಿದ. ಅವನ ಸ್ಟೀಲ್ ಲೋಟದಲ್ಲಿ ಇದರ ಕಾಲುಭಾಗವೂ ಬರುತ್ತಿರಲಿಲ್ಲ. ಅಗಲ ಬಾಯಿಯಿಂದ ಎಲ್ಲ ಹಾರಿಹೋಗುತ್ತಿತ್ತು. ನೀವು ಕುಡಿಯುವುದಿದ್ದರೆ ಬಾಯಿ ಸಣ್ಣದಿರುವ ಗಾಜಿನ ಗ್ಲಾಸೇ ಬೇಕು, ಈ ಒಂದು ವಿಷಯದಲ್ಲಿ ಜಿಪುಣತನ ಬೇಡ.

ಯಾರೂ ಅತ್ತರ್ ಹಾಕಿಲ್ಲ. ಅಳಿಯ ಆ ರಾತ್ರಿ ಹೇಳಿದ್ದು ಮತ್ತು ಆಮೇಲೆ ನಾನು ಓದಿಕೊಂಡದ್ದು ಇಷ್ಟು. ಗುಲಾಬಿ ಎಣ್ಣೆಗೆ ವಾಸನೆ ಕೊಡುವ ಜೆರಾನಿಯಾಲ್, ಸಿಟ್ರೊನೆಲ್ಲಾಲ್, ರೋಸ್ ಆಕ್ಸೈಡ್ ಎಂಬ ವಸ್ತುಗಳೇ ಈ ದ್ರಾಕ್ಷಿಯಲ್ಲೂ ಇವೆ. ಅದರಲ್ಲೂ ರೋಸ್ ಆಕ್ಸೈಡ್ ಎಷ್ಟು ಚುರುಕೆಂದರೆ ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಮಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಇದ್ದರೂ ಮೂಗು ಹಿಡಿಯುತ್ತದೆ. 1999ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಲಿಚಿ ಹಣ್ಣನ್ನೂ ಗೆವುರ್ಟ್ಸ್ ವೈನನ್ನೂ ಜೊತೆಗಿಟ್ಟು ಪರೀಕ್ಷಿಸಿ, ಎರಡರ ವಾಸನೆಯ ವಸ್ತುಗಳು ಬಹುಮಟ್ಟಿಗೆ ಒಂದೇ, ರೋಸ್ ಆಕ್ಸೈಡ್ ಎರಡರಲ್ಲೂ ಇದೆ ಎಂದು ತೋರಿಸಿದರು. ಅಂದರೆ ಲಿಚಿ ಎನ್ನುವವರು ಸುಮ್ಮನೆ ಹೇಳುತ್ತಿಲ್ಲ. ಗುಲ್ಕಂದ ಎಂದ ನಾನೂ ತಪ್ಪು ಹೇಳಿಲ್ಲ.

ನನ್ನನ್ನು ಆ ರಾತ್ರಿ ಮಲಗಗೊಡದ ಸಂಗತಿ ಇನ್ನೊಂದು. ಈ ವಾಸನೆಯ ಬಹುಪಾಲು ಇರುವುದು ಸಿಪ್ಪೆಯಲ್ಲಿ, ಸಿಪ್ಪೆಗೆ ಅಂಟಿದ ತಿರುಳಿನಲ್ಲಿ. ಅದರಲ್ಲೂ ಅರ್ಧಕ್ಕಿಂತ ಹೆಚ್ಚಿನ ಪಾಲು ಸಕ್ಕರೆಯ ಜೊತೆ ಬೆಸೆದುಕೊಂಡಿರುತ್ತದೆ, ಆಗ ಅದಕ್ಕೆ ವಾಸನೆಯೇ ಇರುವುದಿಲ್ಲ. ರಸ ಹುದುಗುವಾಗ, ಮುಂದೆ ಬಾಟ್ಲಿಯಲ್ಲಿ ಕೂತಾಗ, ಆ ಬೆಸುಗೆ ಒಂದೊಂದಾಗಿ ಬಿಟ್ಟು ವಾಸನೆ ಹೊರಗೆ ಬರುತ್ತದೆ. ಮಣಿ ಸಣ್ಣದಿದ್ದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಜಾಸ್ತಿ. ಗೆವುರ್ಟ್ಸ್ ಗೊನೆ ಅಂಗೈಯಷ್ಟು, ಮಣಿ ಸಣ್ಣದು, ಸಿಪ್ಪೆ ದಪ್ಪ. ನಾವು ಮಾಡುವುದೇನು? ಜಿ.ಎ. (ಜಿಬ್ಬರೆಲಿಕ್ ಆಮ್ಲ) ಎಂಬ ಬೆಳವಣಿಗೆ ಚೋದಕದ ದ್ರಾವಣದಲ್ಲಿ ಗೊನೆ ಅದ್ದಿ ಅದ್ದಿ ಮಣಿ ಉದ್ದ, ದಪ್ಪ ಮಾಡುತ್ತೇವೆ. ಕೊಯ್ಲಾದ ಮೇಲೆ ಡಿಪ್ಪಿಂಗ್ ಆಯಿಲ್, ಪೊಟ್ಯಾಸಿಯಮ್ ಕಾರ್ಬೊನೇಟ್ ನೀರಿನಲ್ಲಿ ಮುಳುಗಿಸಿ ಸಿಪ್ಪೆಯ ಮೇಣ ತೆಗೆದು ಶೆಡ್ಡಿನ ಬಲೆಯ ಮೇಲೆ ಹರವುತ್ತೇವೆ, ನೀರು ಬೇಗ ಹೋಗಲಿ ಅಂತ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ. ಸಿಪ್ಪೆ ತೆಳ್ಳಗಿದ್ದರೆ ಒಳ್ಳೆಯದು, ದಪ್ಪಗಿದ್ದರೆ ತೊಂದರೆ, ಇದೇ ನನ್ನ ಇಪ್ಪತ್ತೆಂಟು ವರ್ಷದ ಲೆಕ್ಕ. ಇಲ್ಲಿ ಒಂದು ಬಾಟ್ಲಿಯ ಬೆಲೆಯೆಲ್ಲ ಆ ಸಿಪ್ಪೆಯಲ್ಲಿದೆ.

ರುಚಿಗೆ ಬರುತ್ತೇನೆ. ವಾಸನೆ ನೋಡಿ ಶರಬತ್ತಿನಷ್ಟು ಸಿಹಿ ಇರಬಹುದು ಅಂದುಕೊಂಡಿದ್ದೆ. ಅಷ್ಟಿಲ್ಲ. ತುದಿನಾಲಿಗೆಗೆ ತೆಳುವಾದ ಸಿಹಿ, ನಡುವೆ ಎಣ್ಣೆಯಂತೆ ಜಾರುವ ದಪ್ಪ, ಕೊನೆಗೆ ಒಂದು ಸಣ್ಣ ಕಹಿ. ಆ ಕಹಿಯೂ ಸಿಪ್ಪೆಯದೇ, ಮೂಸಂಬಿ ತೊಳೆಯ ಬಿಳಿ ಪದರ ಕಚ್ಚಿದ ಹಾಗೆ. ನನಗೆ ಅದು ಇಷ್ಟವಾಯಿತು. ಅದಿಲ್ಲದಿದ್ದರೆ ಸಿಹಿ ಬಾಯಲ್ಲಿ ಅಂಟಿಕೊಂಡು ಕೂಡುತ್ತಿತ್ತು. ನುಂಗಿದ ಮೇಲೆ ಗಂಟಲು ಬೆಚ್ಚಗಾಗುತ್ತದೆ, ಮೂಗಿನ ಹಿಂದಿನಿಂದ ಗುಲಾಬಿ ಮತ್ತೆ ಬರುತ್ತದೆ, ಒಂದು ನಿಮಿಷದ ಮೇಲೂ ಇರುತ್ತದೆ.

ಕೊರತೆ ಇರುವುದು ಹುಳಿಯಲ್ಲಿ. ಈ ತಳಿಯ ಸ್ವಭಾವವೇ ಹಾಗೆ: ಸಕ್ಕರೆ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ. 2022 ಯುರೋಪಿನಲ್ಲಿ ಬಿಸಿಲು ಜೋರಾಗಿದ್ದ ವರ್ಷ, ಅದೂ ಸೇರಿಕೊಂಡಿರಬೇಕು. ಮೊದಲ ಗ್ಲಾಸಿನಲ್ಲಿ ಇದು ಗೊತ್ತಾಗುವುದಿಲ್ಲ. ಎರಡನೆಯದರ ಅರ್ಧಕ್ಕೆ ಬಂದಾಗ ನನಗೆ ನಿಂಬೆಹಣ್ಣು ಹಿಂಡಬೇಕು ಅನ್ನಿಸಿತು. ಅಷ್ಟು ಪರಿಮಳವನ್ನು ಎತ್ತಿ ಹಿಡಿಯುವ ಹುಳಿ ಕೆಳಗೆ ಇಲ್ಲ. ಒಬ್ಬರಿಗೆ ಒಂದು ಗ್ಲಾಸು ಸಾಕಾಗುವ ವೈನು ಇದು.

ಊಟದ ಬುತ್ತಿ ಮನೆಯಿಂದ ಬಂದಿತ್ತು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ, ಶೇಂಗಾ ಹಿಂಡಿ, ಕೆಂಪು ಮೆಣಸಿನಕಾಯಿ ರಂಜಕ, ಕೆನೆ ಮೊಸರು, ಶೇಂಗಾ ಹೋಳಿಗೆ. ಒಂದೊಂದನ್ನೂ ಇದರ ಜೊತೆ ಇಟ್ಟು ನೋಡಿದೆವು. ಎಣ್ಣಿಗಾಯಿಗೆ ಇದು ಹೇಳಿ ಮಾಡಿಸಿದ ಜೋಡಿ. ಶೇಂಗಾ, ಎಳ್ಳು, ಗುರೆಳ್ಳು, ಬೆಲ್ಲ, ಹುಣಸಿ, ಗರಂ ಮಸಾಲಿ ಎಲ್ಲ ಕೂಡಿದ ಆ ದಪ್ಪ ರಸಕ್ಕೆ ವೈನಿನ ದಪ್ಪ ಸರಿಹೋಯಿತು. ಹುಣಸಿಯ ಹುಳಿ ವೈನಿಗೆ ಇಲ್ಲದ ಹುಳಿಯನ್ನು ತುಂಬಿಕೊಟ್ಟಿತು. ಲವಂಗ, ದಾಲ್ಚಿನ್ನಿ ಗುಲಾಬಿಯ ಜೊತೆ ಸೇರಿದಾಗ ನನಗೆ ಹಬ್ಬದ ಮನೆಯ ಅಡಿಗೆಕೋಣೆಯ ಬಾಗಿಲಲ್ಲಿ ನಿಂತಂತಾಯಿತು. ಶೇಂಗಾ ಹಿಂಡಿಗೂ ಚೆನ್ನಾಗಿ ಹೊಂದಿತು. ರಂಜಕದ ಜೊತೆ ಮಾತ್ರ ಎಚ್ಚರಿಕೆ. ಖಾರದ ಊಟಕ್ಕೆ ಗೆವುರ್ಟ್ಸ್ ಒಳ್ಳೆಯದೆಂದು ಹೊರದೇಶದವರು ಬರೆಯುತ್ತಾರೆ. ಅವರ ಖಾರ ನಮ್ಮ ಖಾರವಲ್ಲ. ಮೊದಲ ಗುಟುಕಿಗೆ ಸಿಹಿ ಉರಿಯನ್ನು ತಣಿಸುತ್ತದೆ, ಕೂಡಲೇ ಹಿಂದಿನಿಂದ ಮದ್ಯಸಾರ ಬಂದು ಅದೇ ಉರಿಯನ್ನು ಇಮ್ಮಡಿ ಮಾಡುತ್ತದೆ. ಗೆಳೆಯನ ಕಣ್ಣಲ್ಲಿ ನೀರು ಬಂತು. ಮೊಸರಿನ ಜೊತೆ ವೈನು ಸಪ್ಪೆ. ಹೋಳಿಗೆಯ ಜೊತೆ ಇನ್ನೂ ಸಪ್ಪೆ, ಕಹಿಯಷ್ಟೇ ಉಳಿಯಿತು. ತಿನ್ನುವುದು ಕುಡಿಯುವುದಕ್ಕಿಂತ ಸಿಹಿಯಾಗಿದ್ದರೆ ಕುಡಿದದ್ದು ಸೋಲುತ್ತದೆ. ನಮ್ಮ ಹೋಳಿಗೆಗೆ ಬೇಕಾದದ್ದು ಇದೇ ದ್ರಾಕ್ಷಿಯ ತಡವಾಗಿ ಕೊಯ್ದ, ಜೇನಿನಂತಹ ವೈನು. ಅಲ್ಸಾಸಿನಲ್ಲಿ ಅದಕ್ಕೆಂದೇ 1984ರಿಂದ ಎರಡು ದರ್ಜೆಗಳ ಕಾನೂನು ಇದೆ, ಒಂದು ಗಿಡದಲ್ಲೇ ಮಿಕ್ಕಿ ಹಣ್ಣಾದದ್ದಕ್ಕೆ, ಇನ್ನೊಂದು ಬೂಸು ಹಿಡಿದು ಸುಕ್ಕಿದ ಮಣಿಗಳನ್ನು ಆರಿಸಿ ತೆಗೆದದ್ದಕ್ಕೆ. ಗಿಡದಲ್ಲೇ ಅರೆಬರೆ ಮಣೂಕವಾದ ಹಣ್ಣು ಅಂತ ತಿಳಿಯಿರಿ. ಅದನ್ನು ನಾನು ಕುಡಿದು ನೋಡಿಲ್ಲ.

ಅಲ್ಸಾಸ್ ಎಂಥ ನಾಡು ಎಂದು ಅಳಿಯನನ್ನು ಕೇಳಿದೆ. ಅವನು ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದಾಗ ನನಗೆ ನಮ್ಮ ಜಿಲ್ಲೆಯೇ ಕಂಡಿತು. ಪಶ್ಚಿಮಕ್ಕೆ ಉದ್ದಕ್ಕೂ ವೋಜ್ ಬೆಟ್ಟಗಳು, ಪೂರ್ವಕ್ಕೆ ರೈನ್ ನದಿ, ನಡುವೆ ಒಂದು ಪಟ್ಟಿ. ಸಮುದ್ರದ ಕಡೆಯಿಂದ ಬರುವ ಮೋಡ ಬೆಟ್ಟದ ಆಚೆಗೇ ಮಳೆ ಸುರಿಸಿ ಬರಿಗೈಯಲ್ಲಿ ಈಚೆಗೆ ಇಳಿಯುತ್ತದೆ. ಆ ಪಟ್ಟಿಯ ನಡುವಿನ ಕಾಲ್ಮಾರ್ ಊರು ಇಡೀ ಫ್ರಾನ್ಸಿನಲ್ಲಿ ಮಳೆ ಅತಿ ಕಡಿಮೆ ಬೀಳುವ ಊರುಗಳಲ್ಲೊಂದು, ವರ್ಷಕ್ಕೆ 600 ಮಿಲಿಮೀಟರಿನ ಒಳಗೆ ಹೊರಗೆ. ಸಹ್ಯಾದ್ರಿ ನಮಗೆ ಮಾಡಿದ್ದೂ ಇದನ್ನೇ. ನಮ್ಮ ಮಳೆಯೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಕಡೆ ದ್ರಾಕ್ಷಿ ನೆಲೆಯೂರಿದ್ದಕ್ಕೆ ಕಾರಣವೂ ಒಂದೇ: ಗಾಳಿ ಒಣಗಿದ್ದರೆ ಡೌನಿ, ಕರ್ಪಾ ಎಂಬ ಬಳ್ಳಿ ರೋಗಗಳ ಕಾಟ ಕಡಿಮೆ.

ಬೇರೆಯಾಗುವುದು ಚಳಿಯಲ್ಲಿ. ಅವರದು 48 ಡಿಗ್ರಿ ಅಕ್ಷಾಂಶ, ನಮ್ಮದು 17ರ ಹತ್ತಿರ. ಅಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಪೂರ್ತಿ ಮಲಗುತ್ತದೆ, ವರ್ಷಕ್ಕೆ ಒಂದೇ ಚಾಟ್ನಿ (ಕಡ್ಡಿ ಕತ್ತರಿಸುವುದು), ಒಂದೇ ಬೆಳೆ. ನಮ್ಮ ಬಳ್ಳಿಗೆ ನಿದ್ದೆಯೇ ಇಲ್ಲ. ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ನಾವು ಕತ್ತರಿ ಹಾಕಿ ಎಬ್ಬಿಸಬೇಕು. ಅವರ ಹಣ್ಣು ಮಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ದಿನ ಕಳೆದ ಹಾಗೆ ರಾತ್ರಿ ತಣ್ಣಗಾಗುತ್ತ ಹೋಗುತ್ತದೆ, ಮಣಿಯ ಹುಳಿ ಕರಗದೆ ಉಳಿಯುತ್ತದೆ, ವಾಸನೆ ನಿಧಾನವಾಗಿ ಕೂಡುತ್ತದೆ. ನಮ್ಮ ಹಣ್ಣು ಮಾಗುವುದು ಫೆಬ್ರುವರಿ, ಮಾರ್ಚ್‌ನಲ್ಲಿ, ಬಿಸಿಲು ದಿನದಿನಕ್ಕೆ ಏರುವ ಕಾಲದಲ್ಲಿ. ಮಣೂಕ ಮಾಡುವವನಿಗೆ ಈ ಬಿಸಿಲು ದೇವರು ಕೊಟ್ಟ ವರ. ಹುಳಿ ಮೊದಲೇ ಕಡಿಮೆಯಿರುವ, ಪರಿಮಳವನ್ನೇ ನಂಬಿದ ಗೆವುರ್ಟ್ಸ್‌ಗೆ ಅದು ಒಗ್ಗುವುದಿಲ್ಲ. ಸಕ್ಕರೆ ಓಡಿ ಮುಂದೆ ಹೋಗುತ್ತದೆ, ವಾಸನೆ ಹಿಂದೆ ಬೀಳುತ್ತದೆ. ಅದೇ ಗೆಳೆಯ ಆ ರಾತ್ರಿಯೇ “ನಾಲ್ಕ್ ಕಡ್ಡಿ ತರಸೋಣೇನ?” ಅಂತ ಹುರುಪಿನಲ್ಲಿ ಕೇಳಿದ. ಬೇಡ ಅಂದೆ. ತಣ್ಣನೆಯ ಊರಲ್ಲೂ ಇದು ಸುಲಭದ ಬಳ್ಳಿಯಲ್ಲ. ಬೇಗ ಚಿಗುರುತ್ತದೆ, ವಸಂತದ ಹಿಮಕ್ಕೆ ಚಿಗುರು ಸುಟ್ಟುಹೋಗುತ್ತದೆ, ಎಕರೆಗೆ ಇಳುವರಿ ನಮ್ಮ ಅರ್ಧವೂ ಬರುವುದಿಲ್ಲ. ಅಷ್ಟಾದರೂ ಅಲ್ಸಾಸಿನವರು ಇದನ್ನು ಬಿಟ್ಟಿಲ್ಲ. ಅಲ್ಲಿಯ 51 ಉತ್ತಮ ತೋಟದ ನೆಲೆಗಳಿಗೆ ಗ್ರಾಂ ಕ್ರೂ ಎಂಬ ಹೆಸರಿದೆ, ಅವುಗಳಲ್ಲಿ ಹೆಚ್ಚಿನವುಗಳ ಹೆಸರು ಹಾಕಿಕೊಳ್ಳಲು ಅರ್ಹತೆಯಿರುವ ಬಿಳಿ ತಳಿಗಳು ನಾಲ್ಕೇ, ರೀಸ್ಲಿಂಗ್, ಪಿನೋ ಗ್ರಿ, ಮಸ್ಕಟ್, ಮತ್ತು ಇದು.

ಬೇರೆ ನಾಡುಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹೆಸರು ಕೊಟ್ಟ ತ್ರಮೀನ್ ಊರಿನ ಸುತ್ತ ಬೆಟ್ಟದ ಇಳಿಜಾರಿನಲ್ಲಿ ಈಗಲೂ ಬೆಳೆಯುತ್ತಾರೆ. ಜರ್ಮನಿಯ ಫಾಲ್ಟ್ಸ್, ಬಾಡೆನ್ ಕಡೆ ಇದೆ. ಫಾಲ್ಟ್ಸ್‌ನ ರೋಟ್ ಎಂಬ ಹಳ್ಳಿಯಲ್ಲಿ ಸುಮಾರು 400 ವರ್ಷ ಹಳೆಯದೆನ್ನುವ ತೋಟವೊಂದಿದೆ, ಹೆಚ್ಚಿನವು ಇದೇ ತಳಿಯ ಬಳ್ಳಿಗಳು, ಇನ್ನೂ ಫಲ ಕೊಡುತ್ತವೆ. ಆ ಲೆಕ್ಕದಲ್ಲಿ ಗೋಳಗುಮ್ಮಟ ಕಟ್ಟುವ ಕಾಲದಲ್ಲಿ ನೆಟ್ಟ ಬಳ್ಳಿಗಳು ಅವು. ನಮ್ಮಲ್ಲಿ ಹದಿನೈದು ವರ್ಷಕ್ಕೆ ಬಳ್ಳಿ ಸೋತಿತು ಅಂತ ಕಿತ್ತು ಹಾಕುತ್ತೇವೆ. ಇದನ್ನು ಕೇಳಿ ನಾನು ಬಹಳ ಹೊತ್ತು ಸುಮ್ಮನೆ ಕೂತೆ. ನ್ಯೂಜಿಲೆಂಡಿನ ಗಿಸ್ಬೋರ್ನ್, ಆಸ್ಟ್ರೇಲಿಯದ ಟಾಸ್ಮೇನಿಯ, ಕ್ಯಾಲಿಫೋರ್ನಿಯದ ಸಮುದ್ರದ ಮಂಜು ನುಗ್ಗುವ ಆಂಡರ್ಸನ್ ಕಣಿವೆ, ಚಿಲಿಯ ದಕ್ಷಿಣ ಭಾಗ, ಹೀಗೆ ತಣ್ಣನೆಯ ಮೂಲೆ ಎಲ್ಲಿದೆಯೋ ಅಲ್ಲೆಲ್ಲ ಸ್ವಲ್ಪ ಸ್ವಲ್ಪ ಬೆಳೆಯುತ್ತದೆ.

ಇನ್ನು ಆ ಇನ್ನೊಂದು ಬಾಟ್ಲಿ. ಫೆಬ್ರುವರಿಯಲ್ಲಿ ಮದುವೆಗೆಂದು ಬೆಳಗಾವಿಗೆ ಹೋದಾಗ, ಪರಿಮಳದ ರುಚಿ ಹತ್ತಿದ್ದರಿಂದ, ಅಲ್ಲಿಯ ಒಂದು ದೊಡ್ಡ ಅಂಗಡಿಗೆ ಹೋದೆ. ಗೆವುರ್ಟ್ಸ್ ಇರಲಿಲ್ಲ. ನಮ್ಮ ದೇಶದ್ದೇ ಒಂದು ಸೋವಿನ್ಯೋನ್ ಬ್ಲಾಂ ಕೊಟ್ಟರು, ಅದೂ ಪರಿಮಳಕ್ಕೆ ಹೆಸರಾದ ಬಿಳಿ ತಳಿ. ಬಾಟ್ಲಿಗಳನ್ನು ಪಶ್ಚಿಮದ ಗಾಜಿಗೆ ಎದುರಾಗಿ ಸಾಲಾಗಿ ನಿಲ್ಲಿಸಿದ್ದರು, ಸಂಜೆಯ ಬಿಸಿಲು ನೇರವಾಗಿ ಬೀಳುತ್ತಿತ್ತು, ಮೇಲೊಂದು ಬಲ್ಬು. ಕೈಗೆ ತೆಗೆದುಕೊಂಡಾಗ ಬಾಟ್ಲಿ ಬೆಚ್ಚಗಿತ್ತು. ಬಂಧುಗಳ ಮನೆಯ ಮಾಳಿಗೆಯ ಮೇಲೆ ತೆಗೆದಾಗ ಕೊಳೆತ ಸೇಬಿನ ವಾಸನೆ, ಬಣ್ಣ ಕಂದಿತ್ತು. ತಪ್ಪು ವೈನು ಮಾಡಿದವರದಲ್ಲ, ಇಟ್ಟವರದು. ಮುಂದಿನ ವಾರ ಅದೇ ವೈನನ್ನು ತಂಪು ಕಪಾಟಿನಲ್ಲಿಡುವ ಇನ್ನೊಂದು ಕಡೆಯಿಂದ ತಂದು ಕುಡಿದೆ. ಹಸಿಮೆಣಸಿನಕಾಯಿ ಮುರಿದ ವಾಸನೆ, ಅರೆಹಣ್ಣು ಪೇರಲದ ವಾಸನೆ, ಹಲ್ಲು ಜುಮ್ಮೆನ್ನುವ ಹುಳಿ, ಎಲ್ಲ ಇತ್ತು. ಮಿರ್ಚಿ ಭಜಿಗೆ ಅದಕ್ಕಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ. ನಾವು ಮಣೂಕದ ಬಾಕ್ಸುಗಳನ್ನು ಬಣ್ಣ ಕೆಡದಿರಲಿ ಅಂತ ಬಾಡಿಗೆ ಕೊಟ್ಟು ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುತ್ತೇವೆ. ನಮ್ಮ ಭಾಗದ ಅಂಗಡಿಯವರು ಬಿಳಿ ವೈನಿಗೆ ಒಂದು ತಂಪು, ಕತ್ತಲೆಯ ಮೂಲೆ ಕೊಡಬೇಕು. ಪರಿಮಳದ ವೈನಿನಲ್ಲಿ ಪರಿಮಳ ಹೋದ ಮೇಲೆ ಮಾರುವುದಕ್ಕೆ ಏನೂ ಉಳಿಯುವುದಿಲ್ಲ. ಕೊಳ್ಳುವವರು ಬಾಟ್ಲಿಯನ್ನು ಮುಟ್ಟಿ ನೋಡಿ, ಬೆಚ್ಚಗಿದ್ದರೆ ಬಿಟ್ಟುಬಿಡಿ.

ನಮ್ಮ ರಾಜ್ಯದಲ್ಲೇ ಪರಿಮಳದ ತಳಿಗಳ ಕೆಲಸ ಆಗುತ್ತಿದೆ ಎಂಬುದು ಇದೇ ನೆಪದಲ್ಲಿ ತಿಳಿಯಿತು. ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಜಂಪಾದವರು ವಿಯೋನ್ಯೆ ಎಂಬ ತಳಿಯ ವೈನು ಮಾಡುತ್ತಾರೆ. ಅದು ಫ್ರಾನ್ಸಿನ ರೋನ್ ನದಿಯ ದಂಡೆಯದು, ಜರ್ದಾಳು ಹಣ್ಣಿನ ವಾಸನೆಗೆ ಹೆಸರಾದದ್ದು. ಹಂಪಿ ಬೆಟ್ಟಗಳ ನಡುವೆ ಕೃಸ್ಮಾದವರು ಸೋವಿನ್ಯೋನ್ ಬ್ಲಾಂ ಬೆಳೆಸಿದ್ದಾರೆ. ಹಂಪಿಯ ಬಿಸಿಲು ನಮ್ಮದಕ್ಕಿಂತ ಕಡಿಮೆಯೇನಲ್ಲ. ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಾಗ ನಮ್ಮ ಕಡೆ ಬಹಳ ಮಾತುಕತೆಯಾಗಿತ್ತು. ನಾನು ಆಗ ಕಿವಿಗೊಡಲಿಲ್ಲ, ಮಣೂಕದ ದರ ಚೆನ್ನಾಗಿತ್ತು.

ಗೆವುರ್ಟ್ಸ್ ಬಾಟ್ಲಿಯಲ್ಲಿ ಉಳಿದ ಮೂರು ಬೆರಳಷ್ಟು ವೈನನ್ನು ಮುಚ್ಚಿ ಮೂರು ದಿನ ಇಟ್ಟಿದ್ದೆ. ಗುಲಾಬಿ ತಾಜಾತನ ಹೋಗಿ ಒಣಗಿದ ಪಕಳೆಯ ವಾಸನೆಯಾಗಿತ್ತು, ಶುಂಠಿ ಮುಂದೆ ಬಂದಿತ್ತು. ಕೆಟ್ಟಿರಲಿಲ್ಲ. ಆದರೂ ತೆಗೆದ ಬಾಟ್ಲಿಯನ್ನು ಎರಡು ದಿನದಲ್ಲಿ ಮುಗಿಸುವುದೇ ಸರಿ. ಅಳಿಯ ಇದಕ್ಕೆ ಕೊಟ್ಟದ್ದು 14 ಯೂರೊ. ಹೊರದೇಶದಿಂದ ಬರುವವರು ಸುಂಕವಿಲ್ಲದೆ ಎರಡು ಲೀಟರ್ ತರಬಹುದು, ನಿಮ್ಮವರು ಯಾರಾದರೂ ಆ ಕಡೆಯಿಂದ ಬರುವುದಿದ್ದರೆ ಒಂದು ಬಾಟ್ಲಿ ಹೇಳಿ. ಪರಿಮಳಕ್ಕೆ ಐದಕ್ಕೆ ಐದು, ರುಚಿಗೆ ಮೂರೂವರೆ, ಒಟ್ಟಿನಲ್ಲಿ ನನ್ನ ಲೆಕ್ಕ ಐದಕ್ಕೆ ನಾಲ್ಕು.

ಈ ಸಲ ಕೊಯ್ಲಿನ ಹೊತ್ತಿನಲ್ಲಿ ಸಾಲಿನೊಳಗೆ ನಿಂತು ಥಾಮ್ಸನ್ ಮಣಿಯ ಸಿಪ್ಪೆಯನ್ನಷ್ಟೇ ಸುಲಿದು ಅಗಿದು ನೋಡಿದೆ. ಹುಲ್ಲಿನ ರುಚಿ, ಸ್ವಲ್ಪ ಒಗರು, ಮತ್ತೇನಿಲ್ಲ. ಪರಿಮಳವಿರುವ, ಬಿಸಿಲಿಗೂ ಬಾಳುವ ದ್ರಾಕ್ಷಿ ನಮ್ಮ ದೇಶದಲ್ಲೇ ಒಂದಿದೆ: ಗುಲಾಬಿ, ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಪನ್ನೀರ್ ಅನ್ನುವುದು, ಮಸ್ಕಟ್ ಕುಲದ್ದು. ಬಣ್ಣ ಕಪ್ಪು, ಬೀಜ ಇದೆ, ಮಣೂಕಕ್ಕೆ ಬರುವುದಿಲ್ಲ. ಮನೆಯಾಕೆ “ಬೀಜದ ದ್ರಾಕ್ಷಿ ಹಚ್ಚಿ ಯಾರಿಗೆ ಮಾರೂರ್ರಿ?” ಅಂದಳು. ಮಾರುವುದಕ್ಕಲ್ಲ, ಒಂದೇ ಸಾಲು, ಅವ್ವನೂ ತಿನ್ನಬಹುದು ಅಂದೆ. ಬಾವಿಯ ಕಡೆಯ ಖಾಲಿ ಸಾಲಿನಲ್ಲಿ ಮಾರ್ಚಿಗೆ ಮುಂಚೆ ಕಸಿಗೆ ಬೇರು ಕೊಡುವ ಡಾಗ್ರಿಜ್ ತಳಿಯ ಇಪ್ಪತ್ತು ಕಡ್ಡಿ ನೆಟ್ಟಿದ್ದೇನೆ, ಚಿಗುರು ಬಂದಿದೆ. ಸೆಪ್ಟೆಂಬರಿನಲ್ಲಿ ಕಸಿ ಕಟ್ಟಬೇಕು. ಖಚಿತವಾದ ಗುಲಾಬಿ ಕಡ್ಡಿ ವಿಜಯಪುರ, ಬಾಗಲಕೋಟೆ, ಅಥಣಿ ಕಡೆ ಯಾರ ತೋಟದಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ, ನಾನೇ ಬಂದು ಒಯ್ಯುತ್ತೇನೆ.